ಹುದ್ದೆಯಿಲ್ಲದ ಭರವಸೆ: ವಿಶೇಷ ಶಿಕ್ಷಕರ ಪ್ರಕರಣದ ಒಂದು ಅಧ್ಯಯನ

2016ರಲ್ಲಿ ಸುಪ್ರೀಂ ಕೋರ್ಟ್‌ಗೆ ಒಂದು ಅರ್ಜಿ ಹೋಯಿತು. ಹಾಕಿದವರು ವಿಶೇಷ ಶಿಕ್ಷಣದಲ್ಲಿ ತರಬೇತಿ ಪಡೆದ ಶಿಕ್ಷಕರು. ಉತ್ತರ ಪ್ರದೇಶ ಮತ್ತು ಪಂಜಾಬಿನ ಶಾಲೆಗಳ ಪರಿಸ್ಥಿತಿಯನ್ನು ಅವರು ಕೋರ್ಟಿನ ಮುಂದಿಟ್ಟರು. ಕೇಸಿನ ಹೆಸರು ‘ರಜನೀಶ್ ಕುಮಾರ್ ಪಾಂಡೆ ಮತ್ತು ಇತರರು ವಿರುದ್ಧ ಭಾರತ ಒಕ್ಕೂಟ’.

ಅವರ ಅಳಲು ಇಷ್ಟೇ. ವಿಕಲಚೇತನ ಮಕ್ಕಳು ಎಲ್ಲರ ಜೊತೆ ಸಾಮಾನ್ಯ ಶಾಲೆಯಲ್ಲೇ ಕಲಿಯಬೇಕು ಅಂತ ಸರ್ಕಾರ ಹೇಳುತ್ತದೆ. ಮಕ್ಕಳನ್ನು ದಾಖಲು ಮಾಡಿಕೊಳ್ಳುವುದೂ ನಡೆದಿದೆ. ಆದರೆ ಅವರಿಗೆ ಕಲಿಸಲು ಗೊತ್ತಿರುವ ಶಿಕ್ಷಕರನ್ನು ಬೇಕಾದಷ್ಟು ನೇಮಿಸುತ್ತಿಲ್ಲ. ಇರುವ ಕೆಲವರೂ ಗುತ್ತಿಗೆ ಮೇಲೆ ಇದ್ದಾರೆ. ಇವತ್ತು ಕೆಲಸ ಇದೆ, ಬರುವ ವರ್ಷದ ಗ್ಯಾರಂಟಿ ಇಲ್ಲ.

ಮೇಲ್ನೋಟಕ್ಕೆ ಇದು ನೌಕರಿ ಕಾಯಂ ಮಾಡಿ ಎನ್ನುವ ಸಾಮಾನ್ಯ ಕೇಸಿನ ಹಾಗೆ ಕಾಣುತ್ತದೆ. ಅಂಥ ಕೇಸುಗಳು ನಮ್ಮಲ್ಲಿ ಬೇಕಾದಷ್ಟಿವೆ. ಆದರೆ ಇದು ಬೇರೆ ದಾರಿ ಹಿಡಿಯಿತು. ಈ ದೇಶ ವಿಕಲಚೇತನ ಮಕ್ಕಳಿಗೆ ಇಷ್ಟು ವರ್ಷ ಕೊಟ್ಟ ಭರವಸೆಗಳಲ್ಲಿ ಏನು ಬಿಟ್ಟುಹೋಗಿತ್ತು ಅನ್ನುವುದು ಈ ಕೇಸಿನಲ್ಲಿ ಸ್ಪಷ್ಟವಾಗಿ ಹೊರಗೆ ಬಂತು. ಬಿಟ್ಟುಹೋಗಿದ್ದು ಒಂದು ಸಂಖ್ಯೆ. ಎಷ್ಟು ಮಕ್ಕಳಿಗೆ ಒಬ್ಬ ವಿಶೇಷ ಶಿಕ್ಷಕ? ಈ ಪ್ರಶ್ನೆಗೆ ಕಾನೂನಿನಲ್ಲಿ ಉತ್ತರವೇ ಇರಲಿಲ್ಲ.

ಭರವಸೆಗಳಿಗೆ ಬರ ಇರಲಿಲ್ಲ

ಅರ್ಜಿ ಹೋಗುವ ಹೊತ್ತಿಗೆ ಸರ್ಕಾರ ಏನೇನು ಒಪ್ಪಿಕೊಂಡಿತ್ತು ಅಂತ ಒಮ್ಮೆ ನೋಡಬೇಕು. 1974ರಲ್ಲೇ ಕೇಂದ್ರ ಸರ್ಕಾರ ವಿಕಲಚೇತನ ಮಕ್ಕಳನ್ನು ಸಾಮಾನ್ಯ ಶಾಲೆಗೆ ತರುವ ಯೋಜನೆಯನ್ನು ಶುರು ಮಾಡಿತ್ತು. 1995ರಲ್ಲಿ ಅಂಗವಿಕಲರ ಕಾಯ್ದೆ ಬಂತು. 2007ರ ಅಕ್ಟೋಬರ್ 1ರಂದು ವಿಕಲಚೇತನರ ಹಕ್ಕುಗಳ ಬಗೆಗಿನ ವಿಶ್ವಸಂಸ್ಥೆಯ ಒಡಂಬಡಿಕೆಯನ್ನು ಭಾರತ ಅನುಮೋದಿಸಿತು. ಅದರ 24ನೇ ವಿಧಿ ಪೂರ್ತಿ ಶಿಕ್ಷಣದ್ದೇ. ಎಲ್ಲ ಹಂತದಲ್ಲೂ ಒಳಗೊಳ್ಳುವ ಶಿಕ್ಷಣ ವ್ಯವಸ್ಥೆ ಇರಬೇಕು, ಅಂಥ ಮಕ್ಕಳಿಗೆ ಕಲಿಸಬಲ್ಲ ಶಿಕ್ಷಕರನ್ನು ನೇಮಿಸಬೇಕು ಅಂತ ಅಲ್ಲಿ ನೇರವಾಗಿ ಬರೆದಿದೆ. 2009ರಲ್ಲಿ ಶಿಕ್ಷಣ ಹಕ್ಕು ಕಾಯ್ದೆ ಬಂತು, 2010ರ ಏಪ್ರಿಲ್ 1ರಿಂದ ಜಾರಿಯಾಯಿತು. 2012ರ ತಿದ್ದುಪಡಿ ವಿಕಲಚೇತನ ಮಕ್ಕಳನ್ನು ‘ಅವಕಾಶವಂಚಿತ ಗುಂಪಿಗೆ’ ಸೇರಿಸಿತು. ತೀವ್ರ ವಿಕಲತೆ ಇರುವವರು ಮನೆಯಲ್ಲೇ ಕಲಿಯುವ ಆಯ್ಕೆಯನ್ನೂ ಕೊಟ್ಟಿತು.

ಅರ್ಜಿ ವಿಚಾರಣೆಯಲ್ಲಿ ಇರುವಾಗಲೇ ಇನ್ನೂ ದೊಡ್ಡ ಕಾಯ್ದೆ ಬಂತು. ಅದೇ ವಿಕಲಚೇತನರ ಹಕ್ಕುಗಳ ಕಾಯ್ದೆ, 2016. 2017ರ ಏಪ್ರಿಲ್ 19ರಿಂದ ಅದು ಜಾರಿಯಲ್ಲಿದೆ. ಹಳೆಯ ಕಾಯ್ದೆಯಲ್ಲಿ 7 ವಿಕಲತೆಗಳಿದ್ದವು, ಇದರಲ್ಲಿ 21. ವಿಕಲತೆ ಇರುವ ಮತ್ತು ಇಲ್ಲದ ಮಕ್ಕಳು ಒಟ್ಟಿಗೆ ಕಲಿಯುವುದು, ಎಲ್ಲರಿಗೂ ಹೊಂದುವ ಹಾಗೆ ಕಲಿಸುವ ಕ್ರಮ ಬದಲಾಗುವುದು, ಎರಡೂ ಸೇರಿದರೆ ಮಾತ್ರ ಒಳಗೊಳ್ಳುವ ಶಿಕ್ಷಣ ಅಂತ ಅದು ಹೇಳಿತು. ಮಗು ಶಾಲೆಗೆ ಹೊಂದಿಕೊಳ್ಳಲಿ ಅಂತ ಹೇಳಲಿಲ್ಲ. ಶಾಲೆ ಹೊಂದಿಕೊಳ್ಳಬೇಕು ಅಂತ ಹೇಳಿತು. ಇಷ್ಟು ಸ್ಪಷ್ಟವಾದ ಮಾತು ಅದಕ್ಕೆ ಮೊದಲು ನಮ್ಮ ಕಾನೂನಿನಲ್ಲಿ ಇರಲಿಲ್ಲ.

ಹಾಗಾದರೆ ಕೊರತೆ ಎಲ್ಲಿತ್ತು?

ಅನುಸೂಚಿಯಲ್ಲಿ ರ‍್ಯಾಂಪ್ ಇತ್ತು, ಶಿಕ್ಷಕರು ಇರಲಿಲ್ಲ

ಶಿಕ್ಷಣ ಹಕ್ಕು ಕಾಯ್ದೆಯ ಕೊನೆಯಲ್ಲಿ ಒಂದು ಅನುಸೂಚಿ ಇದೆ. ಒಂದು ಶಾಲೆಗೆ ಏನೇನು ಇರಲೇಬೇಕು ಅನ್ನುವ ಪಟ್ಟಿ ಅದು. ಕಾಯ್ದೆಯ ಮುಖ್ಯ ಭಾಗವನ್ನು ಓದುವವರು ಜಾಸ್ತಿ, ಈ ಪಟ್ಟಿಯನ್ನು ಓದುವವರು ಕಡಿಮೆ. ಆದರೆ ಶಾಲೆಗೆ ದುಡ್ಡು ಬರುವುದು, ಹುದ್ದೆ ಬರುವುದು ಈ ಪಟ್ಟಿಯ ಆಧಾರದ ಮೇಲೆ.

ಒಂದರಿಂದ ಐದನೇ ತರಗತಿಗೆ 60 ಮಕ್ಕಳವರೆಗೆ ಇಬ್ಬರು ಶಿಕ್ಷಕರು ಇರಬೇಕು ಅಂತ ಅದರಲ್ಲಿದೆ. ಆರರಿಂದ ಎಂಟನೇ ತರಗತಿಗೆ 35 ಮಕ್ಕಳಿಗೆ ಒಬ್ಬರಾದರೂ ಬೇಕು. ಅಲ್ಲಿ ನೂರಕ್ಕಿಂತ ಜಾಸ್ತಿ ಮಕ್ಕಳಿದ್ದರೆ ಚಿತ್ರಕಲೆಗೆ, ಆರೋಗ್ಯ ಮತ್ತು ದೈಹಿಕ ಶಿಕ್ಷಣಕ್ಕೆ, ಕಾರ್ಯಾನುಭವಕ್ಕೆ ಅರೆಕಾಲಿಕ ಬೋಧಕರು. ಒಬ್ಬ ಶಿಕ್ಷಕರಿಗೆ ಒಂದು ಕೋಣೆ, ಗಂಡು ಮಕ್ಕಳಿಗೆ, ಹೆಣ್ಣು ಮಕ್ಕಳಿಗೆ ಬೇರೆ ಬೇರೆ ಶೌಚಾಲಯ, ಕುಡಿಯುವ ನೀರು, ಬಿಸಿಯೂಟದ ಅಡುಗೆ ಮನೆ, ಆಟದ ಮೈದಾನ, ಕಾಂಪೌಂಡ್. ಇವುಗಳ ನಡುವೆ ‘ಅಡೆತಡೆ ಇಲ್ಲದ ಪ್ರವೇಶ’ ಅಂತಲೂ ಒಂದು ಸಾಲಿದೆ. ಅಂದರೆ ರ‍್ಯಾಂಪ್.

ಗಾಲಿಕುರ್ಚಿಯ ಮಗು ಶಾಲೆಯೊಳಗೆ ಬರುತ್ತದೆ ಅಂತ ಈ ಪಟ್ಟಿ ಬರೆದವರಿಗೆ ಗೊತ್ತಿತ್ತು. ಬಂದ ಮೇಲೆ ಯಾರು ಕಲಿಸುತ್ತಾರೆ ಅನ್ನುವುದರ ಬಗ್ಗೆ ಒಂದು ಸಾಲೂ ಇರಲಿಲ್ಲ. ಚಿತ್ರಕಲೆಯ ಬೋಧಕರಿಗೆ ಪಟ್ಟಿಯಲ್ಲಿ ಜಾಗ ಸಿಕ್ಕಿತು, ಬ್ರೈಲ್ ಕಲಿಸುವವರಿಗೆ ಸಿಗಲಿಲ್ಲ. ಇದು ಯಾರೋ ಬೇಕಂತ ಮಾಡಿದ್ದು ಅಂತ ನಾನು ಹೇಳುವುದಿಲ್ಲ. ಆದರೆ ಇದರ ಪರಿಣಾಮ ದೊಡ್ಡದು. ಅನುಪಾತ ಇಲ್ಲದಿದ್ದರೆ ಹುದ್ದೆಯ ಲೆಕ್ಕ ಹಾಕಲು ಬರುವುದಿಲ್ಲ. ಲೆಕ್ಕ ಇಲ್ಲದಿದ್ದರೆ ಹಣಕಾಸು ಇಲಾಖೆ ಹುದ್ದೆ ಮಂಜೂರು ಮಾಡುವುದಿಲ್ಲ. ಮಂಜೂರಾದ ಹುದ್ದೆ ಇಲ್ಲದಿದ್ದರೆ ‘ಖಾಲಿ ಇದೆ’ ಅಂತ ಕೇಳುವುದಕ್ಕೂ ಆಗುವುದಿಲ್ಲ. ಗಣಿತದ ಮೇಷ್ಟ್ರು ವರ್ಗ ಆಗಿ ಹೋದರೆ ಊರಿನವರು ಬಿಇಒ ಕಚೇರಿಗೆ ಹೋಗಿ ಗಲಾಟೆ ಮಾಡುತ್ತಾರೆ. ವಿಶೇಷ ಶಿಕ್ಷಕರಿಗೋಸ್ಕರ ಹಾಗೆ ಕೇಳಲು ಆಧಾರವೇ ಇರಲಿಲ್ಲ, ಯಾಕಂದರೆ ಆ ಹುದ್ದೆ ಕಾಗದದಲ್ಲೇ ಇರಲಿಲ್ಲ.

ಹುದ್ದೆ ಇಲ್ಲದ ಕಡೆ ಕೆಲಸ ಹೇಗೆ ನಡೆಯುತ್ತಿತ್ತು? ಯೋಜನೆಯ ದುಡ್ಡಿನಲ್ಲಿ. ಮೊದಲು ಸರ್ವ ಶಿಕ್ಷಣ ಅಭಿಯಾನ, 2018–19ರಿಂದ ಸಮಗ್ರ ಶಿಕ್ಷಣ. ಸಮಗ್ರ ಶಿಕ್ಷಣದಲ್ಲಿ ವಿಶೇಷ ಅಗತ್ಯವುಳ್ಳ ಒಂದು ಮಗುವಿಗೆ ವರ್ಷಕ್ಕೆ 3,500 ರೂಪಾಯಿಯ ಲೆಕ್ಕವಿದೆ. ಸಾಧನ ಸಲಕರಣೆ, ಪ್ರಯಾಣ ಭತ್ಯೆ, ಬೆಂಗಾವಲು ಭತ್ಯೆ ಇಂಥವೆಲ್ಲ ಅದರೊಳಗೇ ಹೊಂದಬೇಕು. ಹೆಣ್ಣು ಮಕ್ಕಳಿಗೆ ತಿಂಗಳಿಗೆ 200 ರೂಪಾಯಿಯಂತೆ 10 ತಿಂಗಳು ಪ್ರೋತ್ಸಾಹಧನ ಬೇರೆ. ವಿಶೇಷ ಶಿಕ್ಷಕರ ಸಂಬಳಕ್ಕೂ ಇದೇ ಯೋಜನೆಯಿಂದ ನೆರವು ಬರುತ್ತದೆ. ಹೆಚ್ಚಿನ ರಾಜ್ಯಗಳಲ್ಲಿ ಕೇಂದ್ರದ ಪಾಲು 60, ರಾಜ್ಯದ ಪಾಲು 40. ಪ್ರತಿ ವರ್ಷ ರಾಜ್ಯ ಯೋಜನೆ ಬರೆದು ಕಳಿಸಬೇಕು, ದೆಹಲಿಯಲ್ಲಿ ಮಂಡಳಿ ಕೂತು ಅನುಮೋದಿಸಬೇಕು. ಶಿಕ್ಷಕರ ನೌಕರಿ ಹೀಗೆ ವರ್ಷದಿಂದ ವರ್ಷಕ್ಕೆ ನೂಕಿಕೊಂಡು ಹೋಗುವ ಯೋಜನೆಯ ಒಂದು ಸಾಲಾಯಿತು. ಶಿಕ್ಷಣ ಸಮವರ್ತಿ ಪಟ್ಟಿಯಲ್ಲಿದೆ, ಕೇಂದ್ರಕ್ಕೂ ರಾಜ್ಯಕ್ಕೂ ಸೇರಿದ್ದು. ನೇಮಕ ರಾಜ್ಯದ ಕೆಲಸ ಅಂತ ಕೇಂದ್ರ ಹೇಳಬಹುದು. ಇದು ಕೇಂದ್ರದ ಯೋಜನೆ, ದುಡ್ಡು ಎಷ್ಟು ಬರುತ್ತೋ ಅಷ್ಟು ಜನ ಅಂತ ರಾಜ್ಯ ಹೇಳಬಹುದು. ಇಬ್ಬರ ಮಾತಿಗೂ ಆಧಾರ ಇದೆ. ನಡುವೆ ನಿಂತಿದ್ದು ಮಗು.

ಈ ಶಿಕ್ಷಕರು ಮಾಡುವ ಕೆಲಸ ಏನು?

ಇದನ್ನು ಹತ್ತಿರದಿಂದ ನೋಡದಿದ್ದರೆ ಅನುಪಾತದ ಜಗಳ ಸುಮ್ನೆ ಅಂಕಿಗಳ ಜಗಳ ಅನ್ನಿಸುತ್ತದೆ.

ಕಣ್ಣು ಕಾಣದ ಒಂದು ಮಗು ಒಂದನೇ ತರಗತಿಗೆ ಬಂದಿದೆ ಅಂದುಕೊಳ್ಳಿ. ಅದು ಬ್ರೈಲ್ ಕಲಿಯಬೇಕು. ಆರು ಚುಕ್ಕಿಗಳ ಒಂದು ಮನೆ. 1 ಮತ್ತು 3ನೇ ಚುಕ್ಕಿ ಉಬ್ಬಿದ್ದರೆ ‘ಕ’. ಅಚ್ಚಿನ ಕನ್ನಡದಲ್ಲಿ ಕಾಗುಣಿತ ಅಕ್ಷರಕ್ಕೇ ಅಂಟಿಕೊಂಡು ಬರುತ್ತದೆ. ಬ್ರೈಲ್‌ನಲ್ಲಿ ಹಾಗಲ್ಲ, ‘ಕಿ’ ಬರೆಯಲು ಮೊದಲು ‘ಕ’ದ ಮನೆ, ಅದರ ಪಕ್ಕ ‘ಇ’ಯ ಮನೆ. ಒತ್ತಕ್ಷರ ಇದ್ದರೆ ಅದಕ್ಕೆ ಮೊದಲೇ ಒಂದು ಗುರುತು ಬರುತ್ತದೆ. ಇನ್ನು ಸ್ಲೇಟು ಮತ್ತು ಮೊಳೆ ಹಿಡಿದು ಬರೆಯುವಾಗ ಕಾಗದದ ಹಿಂಬದಿಯಿಂದ ಚುಚ್ಚಬೇಕು. ಹಾಗಾಗಿ ಬಲದಿಂದ ಎಡಕ್ಕೆ, ಕನ್ನಡಿಯಲ್ಲಿ ಕಂಡ ಹಾಗೆ ತಿರುಗಿಸಿ ಬರೆಯಬೇಕು. ಓದುವಾಗ ಕಾಗದ ಮಗುಚಿ ಎಡದಿಂದ ಬಲಕ್ಕೆ. ಆರು ವರ್ಷದ ಮಗುವಿಗೆ ಇದನ್ನು ಕಲಿಸಬೇಕಾದರೆ ಪಕ್ಕದಲ್ಲಿ ಕೂತು, ಬೆರಳು ಹಿಡಿದು, ತಿಂಗಳುಗಟ್ಟಲೆ ಮಾಡಿಸಬೇಕು. ಮೂವತ್ತು ಮಕ್ಕಳ ಎರಡು ತರಗತಿಯನ್ನು ಒಟ್ಟಿಗೆ ನೋಡಿಕೊಳ್ಳುವ ಮೇಷ್ಟ್ರಿಗೆ ಮನಸ್ಸಿದ್ದರೂ ಇದು ಆಗದ ಕೆಲಸ. ಬ್ರೈಲ್ ಅವರಿಗೂ ಯಾರೂ ಕಲಿಸಿಲ್ಲ.

ಇನ್ನೊಂದು ಮಗು. ಮಾತು ಚುರುಕು, ಆಟ ಚುರುಕು, ಲೆಕ್ಕವನ್ನು ಬಾಯಲ್ಲಿ ಹೇಳುತ್ತದೆ. ಓದು ಅಂದರೆ ನಿಂತುಬಿಡುತ್ತದೆ. ‘ಅಮ್ಮ’ ಓದುತ್ತದೆ, ‘ಅಕ್ಷರ’ ಬಂದಾಗ ತಡವರಿಸುತ್ತದೆ. ಒತ್ತು ಎಲ್ಲಿ ಕೂರುತ್ತದೆ, ದೀರ್ಘ ಎಲ್ಲಿ ಬರುತ್ತದೆ ಅನ್ನುವುದು ನಾಲ್ಕನೇ ತರಗತಿಗೆ ಬಂದರೂ ಹಿಡಿತಕ್ಕೆ ಸಿಕ್ಕಿಲ್ಲ. ಮನೆಯಲ್ಲಿ ಸೋಮಾರಿ ಅನ್ನುತ್ತಾರೆ, ಶಾಲೆಯಲ್ಲಿ ಗಮನ ಇಲ್ಲ ಅನ್ನುತ್ತಾರೆ. ಇದು ಕಲಿಕಾ ನ್ಯೂನತೆ ಇರಬಹುದು ಅಂತ ಅನುಮಾನಪಟ್ಟು ಪರೀಕ್ಷೆಗೆ ಕಳಿಸುವವರು ಯಾರು? ಆಮೇಲೆ ಅಕ್ಷರವನ್ನು ದನಿಯಾಗಿ ಬಿಡಿಸಿ, ಮರಳಲ್ಲಿ ಬರೆಸಿ, ಬೇರೆ ವೇಗದಲ್ಲಿ ಕಲಿಸುವವರು ಯಾರು? ಅದಕ್ಕೇ ಬೇರೆ ತರಬೇತಿ ಬೇಕು. ಆ ತರಬೇತಿಯನ್ನು ಮಾನ್ಯ ಮಾಡುವುದು, ಪಡೆದವರನ್ನು ನೋಂದಾಯಿಸುವುದು ಭಾರತೀಯ ಪುನರ್ವಸತಿ ಪರಿಷತ್ತು. ಈ ಕ್ಷೇತ್ರದಲ್ಲಿ ಇರುವವರು ‘ಸಿಆರ್‌ಆರ್ ನಂಬರ್ ಇದೆಯಾ?’ ಅಂತ ಮೊದಲು ಕೇಳುವುದು ಇದೇ ಕಾರಣಕ್ಕೆ. ಕೇಂದ್ರ ಪುನರ್ವಸತಿ ನೋಂದಣಿ ಪುಸ್ತಕದ ಆ ನಂಬರ್ ಇಲ್ಲದವರು ವಿಶೇಷ ಶಿಕ್ಷಕರಾಗಿ ಕೆಲಸ ಮಾಡುವ ಹಾಗಿಲ್ಲ.

ಕರ್ನಾಟಕದಲ್ಲಿ ಈ ಕೆಲಸದ ಭಾರ ಬಹುಮಟ್ಟಿಗೆ ಬಿಆರ್‌ಸಿಯ (ಬ್ಲಾಕ್ ಸಂಪನ್ಮೂಲ ಕೇಂದ್ರದ) ಸಮನ್ವಯ ಶಿಕ್ಷಣ ಸಂಪನ್ಮೂಲ ಶಿಕ್ಷಕರ ಮೇಲಿದೆ. ಬಿಐಇಆರ್‌ಟಿ ಅಂದರೆ ಶಾಲೆಗಳಲ್ಲಿ ಎಲ್ಲರಿಗೂ ಗೊತ್ತು. ಅವರ ಕಾರ್ಯಕ್ಷೇತ್ರ ಒಂದು ಶಾಲೆ ಅಲ್ಲ, ಇಡೀ ಬ್ಲಾಕ್. ಇವತ್ತು ಒಂದು ಹಳ್ಳಿಯ ಶಾಲೆ, ನಾಳೆ ಇನ್ನೊಂದು, ಮಧ್ಯೆ ವೈದ್ಯಕೀಯ ತಪಾಸಣೆ ಶಿಬಿರ, ಸಲಕರಣೆ ವಿತರಣೆ, ವಿಕಲಚೇತನರ ಗುರುತಿನ ಯುಡಿಐಡಿ ಕಾರ್ಡಿಗೆ ಪೋಷಕರನ್ನು ಆಸ್ಪತ್ರೆಗೆ ಕಳಿಸುವುದು, ಗೃಹಾಧಾರಿತ ಶಿಕ್ಷಣದ ಮಗುವಿನ ಮನೆ ಭೇಟಿ. ಒಂದು ಮಗುವಿನ ಪಕ್ಕದಲ್ಲಿ ಕೂರಲು ಎಷ್ಟು ಹೊತ್ತು ಉಳಿಯುತ್ತದೆ ಅಂತ ನೀವೇ ಊಹಿಸಿ. ಅವರು ಕೆಲಸ ಮಾಡುತ್ತಿಲ್ಲ ಅಂತ ದೂರುವುದು ಸುಲಭ. ವ್ಯವಸ್ಥೆ ಅವರಿಗೆ ಕೊಟ್ಟಿರುವುದು ಕಲಿಸುವ ಕೆಲಸಕ್ಕಿಂತ ಓಡಾಡುವ ಕೆಲಸ.

2021ರ ಅಕ್ಟೋಬರ್ 28

ನ್ಯಾಯಮೂರ್ತಿ ಎ.ಎಂ. ಖಾನ್ವಿಲ್ಕರ್, ದಿನೇಶ್ ಮಾಹೇಶ್ವರಿ, ಸಿ.ಟಿ. ರವಿಕುಮಾರ್ ಅವರ ಪೀಠ ತೀರ್ಪು ಕೊಟ್ಟಿತು. ಅರ್ಜಿ ಹೋಗಿ ಐದು ವರ್ಷ ಆಗಿತ್ತು.

ತೀರ್ಪಿನ ತಿರುಳು ಅನುಪಾತ. ವಿಶೇಷ ಶಾಲೆಗಳಿಗೂ ಸಾಮಾನ್ಯ ಶಾಲೆಗಳ ವಿಶೇಷ ಶಿಕ್ಷಕರಿಗೂ ಬೇರೆ ಬೇರೆ ಅನುಪಾತವನ್ನು ಕೇಂದ್ರ ಕೂಡಲೇ ಅಧಿಸೂಚನೆ ಮಾಡಬೇಕು ಅಂತ ಕೋರ್ಟ್ ಹೇಳಿತು. ಅಲ್ಲಿಯವರೆಗೆ ಖಾಲಿ ಬಿಡುವ ಹಾಗಿಲ್ಲ ಅಂತ ದೆಹಲಿಯ ವಿಕಲಚೇತನರ ರಾಜ್ಯ ಆಯುಕ್ತರು ಶಿಫಾರಸು ಮಾಡಿದ್ದ ಅನುಪಾತವನ್ನೇ ಮಧ್ಯಂತರ ಕ್ರಮವಾಗಿ ಹಾಕಿತು. ಸೆರೆಬ್ರಲ್ ಪಾಲ್ಸಿ ಇರುವ 8 ಮಕ್ಕಳಿಗೆ ಒಬ್ಬರು. ಬೌದ್ಧಿಕ ವಿಕಲತೆ, ಆಟಿಸಂ, ಕಲಿಕಾ ನ್ಯೂನತೆ ಇರುವ 5 ಮಕ್ಕಳಿಗೆ ಒಬ್ಬರು. ಕಣ್ಣೂ ಕಿವಿಯೂ ಎರಡೂ ಕೆಲಸ ಮಾಡದ ಮಕ್ಕಳು, ಬಹುವಿಕಲತೆಯ ಮಕ್ಕಳಾದರೆ 2ಕ್ಕೆ ಒಬ್ಬರು.

ಈ ಅಂಕಿಗಳನ್ನು ಮೊದಲ ಸಲ ಓದಿದಾಗ ನನಗೆ ಹಿಡಿಸಿದ್ದು ಒಂದು ವಿಷಯ. ಇಲ್ಲಿ ‘ವಿಕಲಚೇತನರು’ ಅಂತ ಎಲ್ಲರನ್ನೂ ಒಂದೇ ಗುಂಪು ಮಾಡಿಲ್ಲ. ಕಣ್ಣು ಕಾಣದ, ಕಿವಿ ಕೇಳದ ಮಗುವಿಗೆ ಪಾಠ ಹೋಗುವುದು ಅಂಗೈ ಮೇಲಿನ ಸ್ಪರ್ಶದಿಂದ. ಶಿಕ್ಷಕರ ಕೈ ಮಗುವಿನ ಕೈಯಲ್ಲಿ ಇರುವಷ್ಟು ಹೊತ್ತು ಮಾತ್ರ ಪಾಠ. ಕೈ ಬಿಟ್ಟರೆ ಆ ಮಗುವಿಗೆ ತರಗತಿಯೇ ಇಲ್ಲ. ಹಾಗಾಗಿ ಎರಡಕ್ಕೆ ಒಬ್ಬರು ಅನ್ನುವುದು ದುಬಾರಿ ಆಸೆ ಅಲ್ಲ, ಕನಿಷ್ಠದ ಲೆಕ್ಕ.

ಇದರ ಜೊತೆಗೆ ಕೋರ್ಟ್ ಇನ್ನೂ ಕೆಲವು ಮಾತು ಹೇಳಿತು. ಅನುಪಾತಕ್ಕೆ ತಕ್ಕ ಹಾಗೆ ಕಾಯಂ ಹುದ್ದೆ ಸೃಷ್ಟಿಸಿ. 2022–23ರ ಶೈಕ್ಷಣಿಕ ವರ್ಷ ಶುರುವಾಗುವ ಮೊದಲೇ ನೇಮಕದ ಕೆಲಸ ಮುಗಿಸಲು ನೋಡಿ. ತರಬೇತಿ ಪಡೆದವರು ಸಾಲದಿದ್ದರೆ ಒಬ್ಬ ಶಿಕ್ಷಕರು ಕ್ಲಸ್ಟರಿನ (ಅಕ್ಕಪಕ್ಕದ ಶಾಲೆಗಳ ಗುಂಪಿನ) ಹಲವು ಶಾಲೆಗೆ ಹೋಗಿ ಬರುವ ವ್ಯವಸ್ಥೆ ತಾತ್ಕಾಲಿಕವಾಗಿ ಇರಲಿ. ಸಾಮಾನ್ಯ ಶಾಲೆಯ ಉಳಿದ ಶಿಕ್ಷಕರಿಗೂ ಸಿಬ್ಬಂದಿಗೂ ಕಡ್ಡಾಯ ತರಬೇತಿ ಕೊಡಿ. ಎಲ್ಲ ರಾಜ್ಯಗಳ ವಿಕಲಚೇತನರ ಆಯುಕ್ತರು ತಾವಾಗೇ ವಿಚಾರಣೆ ನಡೆಸಿ 2022ರ ಫೆಬ್ರವರಿ ಒಳಗೆ ವರದಿ ಕೊಡಲಿ.

ಕಡ್ಡಾಯ ತರಬೇತಿಯ ಮಾತನ್ನು ಜನ ಅಷ್ಟಾಗಿ ಗಮನಿಸಲಿಲ್ಲ. ನನ್ನ ಮಟ್ಟಿಗೆ ಅದು ಅನುಪಾತದಷ್ಟೇ ಮುಖ್ಯ. ವಿಶೇಷ ಶಿಕ್ಷಕರು ಬಂದ ಕೂಡಲೇ ‘ಆ ಮಗು ನಿಮ್ಮದು, ಉಳಿದವರು ನಮ್ಮವರು’ ಅಂತ ತರಗತಿ ಶಿಕ್ಷಕರು ಕೈ ತೊಳೆದುಕೊಂಡರೆ ಶಾಲೆಯೊಳಗೇ ಇನ್ನೊಂದು ಪುಟ್ಟ ವಿಶೇಷ ಶಾಲೆ ಹುಟ್ಟುತ್ತದೆ. ಮಗು ಇಡೀ ದಿನ ಸಂಪನ್ಮೂಲ ಕೋಣೆಯಲ್ಲೇ ಕೂತಿರುತ್ತದೆ. ಹಾಜರಿ ಪುಸ್ತಕದಲ್ಲಿ ಮಾತ್ರ ಅದು ಮೂರನೇ ತರಗತಿಯ ಮಗು.

ಬಂದ ಉತ್ತರ: 10 ಮತ್ತು 15

ಶಿಕ್ಷಣ ಹಕ್ಕು ಕಾಯ್ದೆಯ 20ನೇ ಕಲಮು ಅನುಸೂಚಿಯನ್ನು ಅಧಿಸೂಚನೆ ಮೂಲಕವೇ ಬದಲಾಯಿಸುವ ಅಧಿಕಾರವನ್ನು ಕೇಂದ್ರಕ್ಕೆ ಕೊಟ್ಟಿದೆ. ಸಂಸತ್ತಿಗೆ ಮಸೂದೆ ತರಬೇಕಾಗಿಲ್ಲ. 2022ರ ಸೆಪ್ಟೆಂಬರ್ 21ರಂದು ಕೇಂದ್ರ ಆ ಅಧಿಕಾರ ಬಳಸಿತು. ಒಂದರಿಂದ ಐದನೇ ತರಗತಿಯವರೆಗೆ 10 ವಿಕಲಚೇತನ ಮಕ್ಕಳಿಗೆ ಒಬ್ಬ ವಿಶೇಷ ಶಿಕ್ಷಕ. ಆರರಿಂದ ಎಂಟರವರೆಗೆ 15ಕ್ಕೆ ಒಬ್ಬರು. ಅನುಸೂಚಿ ಜಾರಿಗೆ ಬಂದು ಹನ್ನೆರಡು ವರ್ಷ ಕಳೆದ ಮೇಲೆ ವಿಶೇಷ ಶಿಕ್ಷಕರಿಗೆ ಅದರಲ್ಲಿ ಜಾಗ ಸಿಕ್ಕಿತು.

ಇದು ದೊಡ್ಡ ಹೆಜ್ಜೆ, ಅದನ್ನು ಒಪ್ಪಲೇಬೇಕು. ಆದರೆ 8, 5, 2 ಹೋಗಿ 10, 15 ಬಂತು. ವಿಕಲತೆಗೆ ತಕ್ಕ ಹಾಗೆ ಇದ್ದ ಲೆಕ್ಕ ಹೋಗಿ ತರಗತಿಗೆ ತಕ್ಕ ಲೆಕ್ಕ ಬಂತು. ಒಂದು ಕಾಲು ಸ್ವಲ್ಪ ಎಳೆಯುವ ಮಗು ಮತ್ತು ಕಣ್ಣೂ ಕಿವಿಯೂ ಇಲ್ಲದ ಮಗು, ಇಬ್ಬರೂ ಈ ಲೆಕ್ಕದಲ್ಲಿ ಒಂದೊಂದೇ. ಸಾಮಾನ್ಯ ಶಾಲೆಯಲ್ಲಿ ಹಗುರ ವಿಕಲತೆಯ ಮಕ್ಕಳೇ ಜಾಸ್ತಿ ಇರುತ್ತಾರೆ, ಸರಾಸರಿ ಹಿಡಿದರೆ ಸರಿಹೋಗುತ್ತದೆ ಅನ್ನುವ ವಾದ ಇದೆ. ಆ ವಾದದಲ್ಲಿ ಹುರುಳಿಲ್ಲ ಅಂತಲ್ಲ. ಆದರೆ ಸರಾಸರಿಯಲ್ಲಿ ಮೊದಲು ಕಳೆದುಹೋಗುವುದು ಯಾರಿಗೆ ಹೆಚ್ಚು ಬೇಕೋ ಅವರೇ.

ಇನ್ನೊಂದು ತೊಡಕು ಹಳ್ಳಿಯದು. ಒಂದು ಲೆಕ್ಕ ಹಾಕಿ ನೋಡೋಣ. ಒಂದು ಕ್ಲಸ್ಟರಿನಲ್ಲಿ ಹತ್ತು ಕಿರಿಯ ಪ್ರಾಥಮಿಕ ಶಾಲೆಗಳಿವೆ ಅಂತಿಟ್ಟುಕೊಳ್ಳಿ. ಒಂದೊಂದರಲ್ಲಿ ಇಬ್ಬರು, ಮೂವರು ವಿಕಲಚೇತನ ಮಕ್ಕಳು, ಒಟ್ಟು 25. ಶಾಲೆ ಶಾಲೆಯಾಗಿ ಲೆಕ್ಕ ಹಿಡಿದರೆ ಯಾವ ಶಾಲೆಯಲ್ಲೂ 10 ಆಗುವುದಿಲ್ಲ, ಒಂದು ಹುದ್ದೆಯೂ ಬರುವುದಿಲ್ಲ. ಕ್ಲಸ್ಟರ್ ಮಟ್ಟದಲ್ಲಿ ಕೂಡಿಸಿದರೆ ಎರಡು ಹುದ್ದೆ, ಮೇಲೆ ಐದು ಮಕ್ಕಳು. ಆ ಐದಕ್ಕೆ ಮೂರನೇ ಹುದ್ದೆ ಕೊಡುತ್ತಾರಾ, ಕೈಬಿಡುತ್ತಾರಾ? ಅಧಿಸೂಚನೆಯ ಒಂದೇ ಸಾಲನ್ನು ಓದುವ ರೀತಿಯ ಮೇಲೆ ಸೊನ್ನೆಯಿಂದ ಮೂರರವರೆಗೆ ಎಷ್ಟು ಬೇಕಾದರೂ ಬರಬಹುದು. ಪಟ್ಟಣದ ದೊಡ್ಡ ಶಾಲೆಗೆ ಈ ಕಷ್ಟ ಇಲ್ಲ. ಸಣ್ಣ ಶಾಲೆಗಳೇ ತುಂಬಿರುವ ಮಲೆನಾಡಿನ, ಗುಡ್ಡಗಾಡಿನ ತಾಲ್ಲೂಕುಗಳಿಗೆ ಇದು ಬದುಕಿನ ಪ್ರಶ್ನೆ. ಕ್ಲಸ್ಟರ್ ಆಧಾರದ ಲೆಕ್ಕವನ್ನು ಬರವಣಿಗೆಯಲ್ಲಿ ಖಚಿತ ಮಾಡದೆ ಯಾವ ರಾಜ್ಯವೂ ಮುಂದೆ ಹೋಗಬಾರದು.

ಮೂರನೆಯದು ಒಂಬತ್ತನೇ ತರಗತಿ. ಶಿಕ್ಷಣ ಹಕ್ಕು ಕಾಯ್ದೆ ಎಂಟಕ್ಕೆ ಮುಗಿಯುತ್ತದೆ, ಹಾಗಾಗಿ ಅನುಸೂಚಿಯ ಅನುಪಾತವೂ ಎಂಟಕ್ಕೆ ಮುಗಿಯುತ್ತದೆ. ಆದರೆ 2016ರ ಕಾಯ್ದೆಯ 31ನೇ ಕಲಮಿನ ಪ್ರಕಾರ ಶೇ. 40ರಷ್ಟಾದರೂ ವಿಕಲತೆ ಇರುವ ಮಗುವಿಗೆ 6ರಿಂದ 18 ವರ್ಷದವರೆಗೆ ಉಚಿತ ಶಿಕ್ಷಣದ ಹಕ್ಕಿದೆ. ಹತ್ತಿರದ ಶಾಲೆ ಬೇಕಾ, ವಿಶೇಷ ಶಾಲೆ ಬೇಕಾ ಅನ್ನುವುದು ಅದರ ಆಯ್ಕೆ. ಒಂದು ಕಾಯ್ದೆ 18ರವರೆಗೆ ಹಕ್ಕು ಕೊಡುತ್ತದೆ, ಇನ್ನೊಂದು ಕಾಯ್ದೆಯ ಶಿಕ್ಷಕರು 14ಕ್ಕೆ ನಿಲ್ಲುತ್ತಾರೆ. ಎಸ್ಸೆಸ್ಸೆಲ್ಸಿಗೆ ಎರಡು ವರ್ಷ ಇರುವಾಗ, ಪಾಠ ಅತಿ ಹೆಚ್ಚು ಕಷ್ಟ ಆಗುವಾಗ, ಮಗುವಿನ ಜೊತೆಗಿದ್ದವರು ಲೆಕ್ಕದಿಂದ ಹೊರಗೆ ಹೋಗುತ್ತಾರೆ.

2025ರ ಮಾರ್ಚ್ 7

ಅನುಪಾತ ಬಂದ ಮೇಲೆ ಹುದ್ದೆ ಬಂತಾ? ಕೇಸು ಮತ್ತೆ ಕೋರ್ಟಿನ ಮುಂದಿತ್ತು. ಈ ಸಲ ನ್ಯಾಯಮೂರ್ತಿ ಸುಧಾಂಶು ಧುಲಿಯಾ ಮತ್ತು ಕೆ. ವಿನೋದ್ ಚಂದ್ರನ್ ಅವರ ಪೀಠ. ಅನುಪಾತದ ಪ್ರಕಾರ ಯಾವ ರಾಜ್ಯವೂ ನೇಮಕ ಮಾಡಿಲ್ಲ, ಹೆಚ್ಚಿನವರು ಎಷ್ಟು ಹುದ್ದೆ ಬೇಕು ಅಂತಲೂ ಗುರುತಿಸಿಲ್ಲ ಅನ್ನುವುದನ್ನು ಪೀಠ ದಾಖಲಿಸಿತು. ಎಷ್ಟು ಮಕ್ಕಳಿದ್ದಾರೆ ಅನ್ನುವ ಅಂಕಿ ರಾಜ್ಯಗಳ ಕೈಯಲ್ಲೇ ಇತ್ತು. ಭಾಗಿಸುವ ಕೆಲಸ ಮಾತ್ರ ಬಾಕಿ ಇತ್ತು.

ಕೋರ್ಟ್ ಈ ಸಲ ಗಡುವು ಹಾಕಿತು. ಮೂರು ವಾರದೊಳಗೆ, ಅಂದರೆ ಮಾರ್ಚ್ 28ರೊಳಗೆ, ಪ್ರತಿ ರಾಜ್ಯ ಮತ್ತು ಕೇಂದ್ರಾಡಳಿತ ಪ್ರದೇಶ ವಿಶೇಷ ಶಿಕ್ಷಕರ ಮಂಜೂರಾದ ಹುದ್ದೆಗಳ ಸಂಖ್ಯೆಯನ್ನು ಪ್ರಕಟಿಸಬೇಕು. ಆಮೇಲೆ ಪತ್ರಿಕೆಯಲ್ಲಿ, ಇಲಾಖೆಯ ವೆಬ್‌ಸೈಟಿನಲ್ಲಿ ಜಾಹೀರಾತು. ಅರ್ಹತೆ ಇರುವವರನ್ನು ಮಾತ್ರ ತೆಗೆದುಕೊಳ್ಳಬೇಕು.

ಗುತ್ತಿಗೆ ಶಿಕ್ಷಕರ ವಿಷಯಕ್ಕೂ ದಾರಿ ತೋರಿಸಿತು. ವರ್ಷಗಟ್ಟಲೆ ದುಡಿದವರ ಅರ್ಹತೆ ನೋಡಲು ಪ್ರತಿ ರಾಜ್ಯದಲ್ಲಿ ಮೂವರ ಪರಿಶೀಲನಾ ಸಮಿತಿ. ವಿಕಲಚೇತನರ ರಾಜ್ಯ ಆಯುಕ್ತರು, ಶಿಕ್ಷಣ ಇಲಾಖೆಯ ಕಾರ್ಯದರ್ಶಿ, ಪುನರ್ವಸತಿ ಪರಿಷತ್ತಿನ ಒಬ್ಬ ಪ್ರತಿನಿಧಿ ಅದರಲ್ಲಿ ಇರಬೇಕು. ಅರ್ಹರು ಅಂತ ಸಮಿತಿ ಒಪ್ಪಿದವರಿಗೆ ಕಾಯಂ ಶಿಕ್ಷಕರ ವೇತನ ಶ್ರೇಣಿ. ಕಾಯಂ ಮಾಡಿ ಅಂತ ಕೇಳಿಕೊಂಡು ಶುರುವಾದ ಅರ್ಜಿ ಮೊದಲು ಮಕ್ಕಳ ಲೆಕ್ಕ ಹಿಡಿದು, ಅದರ ಮೂಲಕ ಶಿಕ್ಷಕರ ಬಳಿಗೆ ಬಂತು. ನನಗೆ ಈ ಕ್ರಮ ಸರಿ ಅನ್ನಿಸುತ್ತದೆ. ಶಿಕ್ಷಕರ ಭದ್ರತೆಯೂ ಮಗುವಿನ ವಿಷಯವೇ ಅಲ್ವಾ? ಆಟಿಸಂ ಇರುವ ಮಗು ಒಬ್ಬರ ದನಿಗೆ, ಒಬ್ಬರ ಕ್ರಮಕ್ಕೆ ಹೊಂದಿಕೊಳ್ಳಲು ತಿಂಗಳುಗಳು ಬೇಕು. ಗುತ್ತಿಗೆ ಮುಗಿದು ಅವರು ಹೋದರೆ ಮಗು ಮತ್ತೆ ಮೊದಲಿನಿಂದ ಶುರು ಮಾಡಬೇಕು.

ಲೆಕ್ಕಕ್ಕೆ ಸಿಗದ ಮಕ್ಕಳು

ಈ ಪ್ರಕರಣವನ್ನು ಓದುತ್ತಾ ಹೋದ ಹಾಗೆ ನನ್ನನ್ನು ಹೆಚ್ಚು ಕಾಡಿದ್ದು ಕೋರ್ಟ್ ಹೇಳಿದ್ದಲ್ಲ, ಕೋರ್ಟಿನ ಲೆಕ್ಕ ನಿಂತಿರುವ ನೆಲ. ಅನುಪಾತ ಅಂದರೆ ಭಾಗಾಕಾರ. ಕೆಳಗಿನ 10 ಖಚಿತವಾಯಿತು. ಮೇಲಿನ ಸಂಖ್ಯೆ ಎಲ್ಲಿಂದ ಬರುತ್ತದೆ?

ಅದು ಬರುವುದು ಶಾಲೆಗಳು ಸರ್ಕಾರದ ಶಾಲಾ ಮಾಹಿತಿ ವ್ಯವಸ್ಥೆಯಾದ ಯುಡೈಸ್‌ನಲ್ಲಿ ತುಂಬುವ ಮಾಹಿತಿಯಿಂದ. ಶಾಲೆಗೆ ಸೇರಿ, ವಿಕಲತೆ ಇದೆ ಅಂತ ಗುರುತಾಗಿ, ಕಂಪ್ಯೂಟರಿಗೆ ದಾಖಲಾದ ಮಕ್ಕಳು ಮಾತ್ರ ಅಲ್ಲಿರುತ್ತಾರೆ. ಗಾಲಿಕುರ್ಚಿಯ ಮಗು ಕಣ್ಣಿಗೆ ಕಾಣುತ್ತದೆ, ದಾಖಲಾಗುತ್ತದೆ. ಒತ್ತಕ್ಷರಕ್ಕೆ ತಡವರಿಸುವ ಮಗು ಕಾಣುವುದಿಲ್ಲ. ಸ್ವಲ್ಪ ಕಿವಿ ಮಂದ ಇರುವ ಮಗುವನ್ನು ಹಿಂದಿನ ಬೆಂಚಿನ ಮಂಕು ಅಂದುಕೊಳ್ಳುತ್ತಾರೆ. ಇಂಥ ಮಕ್ಕಳನ್ನು ಗುರುತಿಸುವ ಕಣ್ಣಿರುವುದು ವಿಶೇಷ ಶಿಕ್ಷಕರಿಗೆ. ಅವರಿಲ್ಲದ ಶಾಲೆಯಲ್ಲಿ ಗುರುತಿಸುವವರಿಲ್ಲ. ಗುರುತಿಸದಿದ್ದರೆ ಸಂಖ್ಯೆ ಏರುವುದಿಲ್ಲ. ಸಂಖ್ಯೆ ಇಲ್ಲ ಅಂತ ಹುದ್ದೆ ಬರುವುದಿಲ್ಲ. ಕಲಿಕಾ ನ್ಯೂನತೆ, ಆಟಿಸಂ ವಿಕಲಚೇತನರ ಹಕ್ಕುಗಳ ಕಾಯ್ದೆಯ ಪಟ್ಟಿಗೆ ಸೇರಿದ್ದೇ 2016ರಲ್ಲಿ. ಅದಕ್ಕೆ ಮೊದಲಿನ ಹಲವು ತಲೆಮಾರಿನ ಮಕ್ಕಳು ‘ದಡ್ಡರು’ ಅನ್ನುವ ಹಣೆಪಟ್ಟಿ ಹೊತ್ತೇ ಶಾಲೆ ಬಿಟ್ಟರು.

ಶಾಲೆಗೇ ಬಾರದವರ ವಿಷಯ ಇನ್ನೂ ಹಿಂದಿನದು. 2011ರ ಜನಗಣತಿಯ ಅಂಕಿಗಳನ್ನು ಹಿಡಿದು ಯುನೆಸ್ಕೊ 2019ರಲ್ಲಿ ಭಾರತದ ಬಗ್ಗೆ ಒಂದು ವರದಿ ಕೊಟ್ಟಿತು. 5ರಿಂದ 19 ವರ್ಷದ ವಿಕಲಚೇತನ ಮಕ್ಕಳಲ್ಲಿ ಶೇ. 27ರಷ್ಟು ಜನ ಯಾವತ್ತೂ ಶಾಲೆಯ ಮೆಟ್ಟಿಲು ಹತ್ತಿರಲಿಲ್ಲ. ಇವರು ಯುಡೈಸ್‌ನಲ್ಲಿ ಇರುವ ಪ್ರಶ್ನೆಯೇ ಇಲ್ಲ. ಇನ್ನು ಗೃಹಾಧಾರಿತ ಶಿಕ್ಷಣದ ಮಕ್ಕಳು. ಹೆಸರು ಶಾಲೆಯಲ್ಲಿದೆ, ಮಗು ಮನೆಯಲ್ಲಿದೆ. ಅವರನ್ನು ಹುದ್ದೆಯ ಲೆಕ್ಕಕ್ಕೆ ಹಿಡಿಯಲೇಬೇಕು, ಯಾಕಂದರೆ ಆ ಮನೆಗೆ ಹೋಗಿ ಬರುವ ಹೊತ್ತೂ ಒಬ್ಬ ಶಿಕ್ಷಕರ ಹೊತ್ತೇ.

ಇದಕ್ಕೆ ಕಾನೂನಿನಲ್ಲೇ ಪರಿಹಾರವಿದೆ, ಆದರೆ ಅದರ ಬಗ್ಗೆ ಚರ್ಚೆ ತೀರಾ ಕಡಿಮೆ. 2016ರ ಕಾಯ್ದೆಯ 17ನೇ ಕಲಮಿನ ಮೊದಲ ಅಂಶವೇ ಸಮೀಕ್ಷೆ. ಪ್ರತಿ ಐದು ವರ್ಷಕ್ಕೊಮ್ಮೆ ಶಾಲೆಗೆ ಹೋಗುವ ವಯಸ್ಸಿನ ಮಕ್ಕಳ ಸಮೀಕ್ಷೆ ಮಾಡಬೇಕು. ವಿಕಲಚೇತನ ಮಕ್ಕಳನ್ನು ಗುರುತಿಸಬೇಕು, ಅವರಿಗೆ ಏನು ಬೇಕು, ಅದು ಎಷ್ಟರ ಮಟ್ಟಿಗೆ ಸಿಗುತ್ತಿದೆ ಅಂತ ನೋಡಬೇಕು. ಮೊದಲ ಸಮೀಕ್ಷೆ ಕಾಯ್ದೆ ಜಾರಿಯಾದ ಎರಡು ವರ್ಷದೊಳಗೆ, ಅಂದರೆ 2019ರ ಏಪ್ರಿಲ್ ಒಳಗೆ ಮುಗಿಯಬೇಕಿತ್ತು. ವಿಶೇಷ ಶಿಕ್ಷಕರ ಹುದ್ದೆ ಲೆಕ್ಕ ಹಾಕಲು ಹೊರಟ ಯಾವುದೇ ರಾಜ್ಯ ಯುಡೈಸ್ ಅಂಕಿಯ ಪಕ್ಕದಲ್ಲಿ ಈ ಸಮೀಕ್ಷೆಯ ಅಂಕಿಯನ್ನೂ ಇಡಬೇಕು. ಎರಡರ ನಡುವಿನ ವ್ಯತ್ಯಾಸ ಎಷ್ಟಿದೆಯೋ ಅಷ್ಟು ಮಕ್ಕಳು ಕೈತಪ್ಪಿದ್ದಾರೆ ಅಂತ ಅರ್ಥ.

ನಮ್ಮಲ್ಲಿ ಪೋಷಕರು, ಎಸ್‌ಡಿಎಂಸಿ ಸದಸ್ಯರು ಕೇಳಬೇಕಾದ ಪ್ರಶ್ನೆಗಳು ಇಲ್ಲಿವೆ. ಜಿಲ್ಲೆಗೆ ಎಷ್ಟು ವಿಶೇಷ ಶಿಕ್ಷಕರ ಹುದ್ದೆ ಮಂಜೂರಾಗಿದೆ? ಯಾವ ವರ್ಷದ ಮಕ್ಕಳ ಸಂಖ್ಯೆ ಹಿಡಿದು? ಶಾಲೆವಾರು ಲೆಕ್ಕವೋ ಕ್ಲಸ್ಟರ್ ಲೆಕ್ಕವೋ? ಮನೆಯಲ್ಲಿ ಕಲಿಯುವವರು ಅದರಲ್ಲಿ ಸೇರಿದ್ದಾರಾ? 17ನೇ ಕಲಮಿನ ಸಮೀಕ್ಷೆ ಯಾವಾಗ ನಡೆಯಿತು? ಮಾಹಿತಿ ಹಕ್ಕಿನಲ್ಲಿ ಇದನ್ನೆಲ್ಲ ಕೇಳಬಹುದು. ಉತ್ತರ ಸರಿ ಬಾರದಿದ್ದರೆ ವಿಕಲಚೇತನರ ರಾಜ್ಯ ಆಯುಕ್ತರಿಗೆ ದೂರು ಕೊಡಬಹುದು. ಅವರಿಗೆ ಸಾಕ್ಷಿಗಳನ್ನು ಕರೆಸುವ, ದಾಖಲೆ ತರಿಸುವ ಸಿವಿಲ್ ಕೋರ್ಟಿನ ಅಧಿಕಾರವನ್ನು 2016ರ ಕಾಯ್ದೆಯೇ ಕೊಟ್ಟಿದೆ.